ಪಡವಲಕ್ಕೆ ಕಟ್ಟಿದ ಕಲ್ಲು

ಹೋದ ವಾರ ಒಂದು ಸಂಜೆ ಕೆಳಗಿನ ಮನೆಯವರು ಸೊಳ್ಳೆ ಓಡಿಸಲು ಬೇವಿನ ಸೊಪ್ಪಿನ ಹೊಗೆ ಹಾಕಿದರು. ಹೊಗೆ ಮೆಟ್ಟಿಲು ಹತ್ತಿಕೊಂಡು ಸೀದಾ ನಮ್ಮ ತಾರಸಿಗೆ ಬಂತು. ಬೇರೆಯವರಾಗಿದ್ದರೆ ಕೆಮ್ಮಿ, ಕಿಟಕಿ ಮುಚ್ಚಿ, ಮನಸ್ಸಿನಲ್ಲೇ ನಾಲ್ಕು ಮಾತು ಬೈದುಕೊಂಡು ಸುಮ್ಮನಾಗುತ್ತಿದ್ದರು. ನಾನೋ, ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಒಬ್ಬಳೇ ನಿಂತು ನಗತೊಡಗಿದೆ. ಚಾಮರಾಜನಗರದ ಈ ಬಾಡಿಗೆ ಮನೆಯಿಂದ ಒಂದೇ ಉಸಿರಿಗೆ ಇಪ್ಪತ್ತು ವರ್ಷ ಹಿಂದಕ್ಕೆ, ಹರದನಹಳ್ಳಿಯ ಒಂದು ಹಿತ್ತಿಲಿಗೆ ಹೋಗಿ ಬಿದ್ದಿದ್ದೆ. ಬನ್ನಿ, ನಿಮ್ಮನ್ನೂ ಕರೆದುಕೊಂಡು ಹೋಗುತ್ತೇನೆ. ತಲೆ ಬಗ್ಗಿಸಿ ಬರಬೇಕು, ಚಪ್ಪರ ತಗ್ಗಿದೆ.

ಅದು ನಮ್ಮ ಮಂಗಳ ಚಿಕ್ಕಮ್ಮನ ಮನೆ. ಅಮ್ಮನ ಕೊನೆಯ ತಂಗಿ ಅವಳು. ಮದುವೆಗೆ ಮುಂಚೆ ಗುಂಡ್ಲುಪೇಟೆಯಲ್ಲಿ ನಮ್ಮ ಜೊತೆಯಲ್ಲೇ ಇದ್ದವಳು. ಮಂಗಳ ಕಡ್ಡಿ ನೆಟ್ಟರೂ ಚಿಗುರುತ್ತದೆ ಎಂದು ನಮ್ಮ ಬೀದಿಯವರೆಲ್ಲ ಹೇಳುತ್ತಿದ್ದರು. ಸೇವಂತಿಗೆ ಸಸಿ ಊರಬೇಕಾದರೆ ಅಕ್ಕಪಕ್ಕದ ಮನೆಯವರು ಅವಳನ್ನೇ ಕೂಗಿ ಕರೆಯುತ್ತಿದ್ದರು. ಅಂಥವಳ ಕೈಗುಣದ ಮೇಲೆ ಹರದನಹಳ್ಳಿಯಲ್ಲಿ ಅಪವಾದ ಬಂದಿತ್ತು.

ಆ ಮನೆಯ ಪದ್ಧತಿ ಹೀಗೆ. ಹೊಸ ಸೊಸೆ ಮೊದಲು ಹಿತ್ತಿಲಲ್ಲಿ ಪಡವಲದ ಬೀಜ ಊರಬೇಕು. ಕಾಯಿ ಕಚ್ಚಿದರೆ ಅವಳ ಕೈ ಒಳ್ಳೆಯದು. ಮುಂದೆ ಹೊಲದಲ್ಲಿ ಅರಿಶಿನದ ಬಿತ್ತನೆಯಾಗುವಾಗ ಮೊದಲ ಗೆಡ್ಡೆಯನ್ನು ಅವಳೇ ಊರುತ್ತಾಳೆ. ಕಚ್ಚದಿದ್ದರೆ ಬೀಜಕ್ಕೆ ಕೈ ಹಾಕುವಂತಿಲ್ಲ. ಚಿಕ್ಕಮ್ಮನ ಪಡವಲ ಮೊದಲ ವರ್ಷ ಚಪ್ಪರ ತುಂಬ ಹೂ ಬಿಟ್ಟು ಒಂದೂ ಕಾಯಿ ಕೊಡಲಿಲ್ಲ. ಎರಡನೆಯ ವರ್ಷವೂ ಹೀಚುಗಳು ಹಳದಿಯಾಗಿ ಉದುರುತ್ತಿದ್ದವು. ಬಿತ್ತನೆಯ ದಿನ ಅವಳನ್ನು ಬುತ್ತಿ ಹೊತ್ತು ತರಲು ಮಾತ್ರ ಕರೆದಿದ್ದರಂತೆ. ಆ ಸಲ ನಾನು ರಜಕ್ಕೆ ಹೋದಾಗ ಅದನ್ನು ಹೇಳುತ್ತ ಅವಳು ಅಳಲಿಲ್ಲ. ಮಣ್ಣು ಮೆತ್ತದ ತನ್ನ ಉಗುರುಗಳನ್ನು ನೋಡಿಕೊಂಡಳು, ಅಷ್ಟೆ.

ಈ ಪದ್ಧತಿಯ ಕಾವಲು ಅವಳ ಅತ್ತೆ ಗೌರಮ್ಮಣ್ಣಿಯವರದು. ನನಗೆ ಗೌರಜ್ಜಿ. ಕೆಟ್ಟ ಹೆಂಗಸು ಎಂದು ಮಾತ್ರ ತಿಳಿಯಬೇಡಿ. ನಾನು ರಜಕ್ಕೆ ಹೋದರೆ ರೊಟ್ಟಿಗೆ ಬೆಣ್ಣೆ ಹಾಕುವಾಗ ಅವರ ಕೈ ತಡೆಯುತ್ತಲೇ ಇರಲಿಲ್ಲ. ಹಸುಗಳೆಂದರೆ ಪ್ರಾಣ. ಕೈಗುಣದ ವಿಷಯಕ್ಕೆ ಬಂದರೆ ಮಾತ್ರ ಜಗ್ಗುತ್ತಿರಲಿಲ್ಲ.

“ಬಳ್ಳಿ ಏನ್ ಮಾಡದು ಕೂಸೆ? ಊವು ಬುಡ್ತು, ಹೀಚು ಉದುರೋಯ್ತು. ಅಲ್ನೋಡು ತಿಪ್ಪೆ ಮ್ಯಾಲೆ, ಯಾರೂ ಕೈ ಹಾಕ್ದೆ ಇರೋ ಕುಂಬಳ ಎಂಗೆ ಕಾಯ್ ಬುಟ್ಟದೆ!”

ಮಾತು ನಿಜ. ತಿಪ್ಪೆಯ ಮೇಲೆ ತಾನಾಗಿ ಹುಟ್ಟಿದ ಕುಂಬಳದ ಬಳ್ಳಿ ಗಡಿಗೆಗಾತ್ರದ ಕಾಯಿಗಳನ್ನು ಇಟ್ಟುಕೊಂಡು ಮಲಗಿತ್ತು. ಅದು ಚಿಕ್ಕಮ್ಮನನ್ನು ಅಣಕಿಸುತ್ತಿದೆ ಎಂದೇ ನನಗೆ ಅನ್ನಿಸುತ್ತಿತ್ತು.

ಆಗ ನಾನು ಬಿ.ಎಸ್ಸಿ. ಎರಡನೆಯ ವರ್ಷ. ಸಸ್ಯಶಾಸ್ತ್ರ ಓದುತ್ತಿದ್ದೇನೆ ಎನ್ನುವುದನ್ನು ಬಸ್ಸಿನಲ್ಲಿ ಪಕ್ಕ ಕುಳಿತವರಿಗೂ ಹೇಳದೆ ಬಿಡುತ್ತಿರಲಿಲ್ಲ. “ಚಿಕ್ಕಮ್ಮ, ಇದು ಕೈಗುಣ ಅಲ್ಲ, ಪರಾಗಸ್ಪರ್ಶ. ಗಂಡು ಹೂವಿನ ಪುಡಿ ಹೆಣ್ಣು ಹೂವಿಗೆ ತಾಗ್ಲಿಲ್ಲ ಅಂದ್ರೆ ಕಾಯಿ ನಿಲ್ಲಲ್ಲ” ಎಂದು ಭಾಷಣ ಬಿಗಿದು, ಮರುದಿನ ಬೆಳಿಗ್ಗೆ ಬಣ್ಣ ಹಚ್ಚುವ ಕುಂಚ ಹಿಡಿದು ಚಪ್ಪರದ ಕೆಳಗೆ ಹೋದೆ. ಒಂದು ಹೂವಾದರೂ ತೆರೆದಿರಬೇಕಲ್ಲ! ಎಲ್ಲವೂ ಒದ್ದೆ ಹತ್ತಿಯಂತೆ ಮುದುಡಿ ನೇತಾಡುತ್ತಿದ್ದವು. ಅತ್ತ ತಿಪ್ಪೆಯ ಮೇಲೆ ಕುಂಬಳದ ಹೂವುಗಳು ಬಾಯಿ ಅಗಲಿಸಿಕೊಂಡು ಕೂತಿದ್ದವು; ಒಳಗೆ ಜೇನುಹುಳುಗಳು ಹಳದಿ ಪುಡಿಯಲ್ಲಿ ಹೊರಳಾಡುತ್ತಿದ್ದವು. ಗೌರಜ್ಜಿ ಹಾಲಿನ ಚೊಂಬು ಹಿಡಿದು ನಿಂತು ನೋಡಿ, “ಓದಿರೋಳು ಊವುಗೆ ಬಣ್ಣ ಬಳೀತಾವ್ಳೆ ಕಣ ಮಂಗಳ” ಎಂದು ನಕ್ಕರು. ಚಿಕ್ಕಮ್ಮನೂ ನಕ್ಕಳು. ನಾನು ಕುಂಚವನ್ನು ದಾವಣಿಯಲ್ಲಿ ಮುಚ್ಚಿಟ್ಟುಕೊಂಡೆ.

ಅವಮಾನವಾದಾಗಲೇ ನನಗೆ ಪಾಠ ನೆನಪಾಗುವುದು. ನಮ್ಮ ಮೇಷ್ಟ್ರು ಒಮ್ಮೆ ತರಗತಿಯಲ್ಲಿ, “ಹೂವು ನಿಮ್ಮ ಜಡೆಗೋಸ್ಕರ ಅರಳಿದ್ದಲ್ಲಮ್ಮ. ಯಾವ ಹೊತ್ತಲ್ಲಿ, ಯಾವ ಬಣ್ಣದಲ್ಲಿ ಅರಳಿದೆ ನೋಡಿ. ಯಾರಿಗೆ ಬಾಗಿಲು ತೆಗೆದಿದೆ ಅಂತ ಗೊತ್ತಾಗುತ್ತೆ” ಅಂದಿದ್ದರು. ಆಗ ಬರೆದುಕೊಂಡಿದ್ದೆ, ಕೇಳಿಸಿಕೊಂಡಿರಲಿಲ್ಲ. ಅವತ್ತು ಇಡೀ ದಿನ ಹಿತ್ತಿಲಲ್ಲೇ ಠಿಕಾಣಿ ಹಾಕಿದೆ.

ಏನು ಹೇಳಲಿ ನಿಮಗೆ, ಆ ದಿನದ ಸಂಭ್ರಮವನ್ನು! ಕುಂಬಳ, ಹಾಗಲ, ಹೀರೆ, ಸೋರೆ, ಪಡವಲ ಎಲ್ಲವೂ ಒಂದೇ ಮನೆತನ. ಅದೆಷ್ಟೋ ಲಕ್ಷ ವರ್ಷಗಳ ಹಿಂದಿನ ಒಂದೇ ಮುತ್ತಜ್ಜಿಯ ಸಂತಾನ. ಆದರೆ ಒಬ್ಬೊಬ್ಬರದು ಒಂದೊಂದು ವೇಳೆ. ಕುಂಬಳ, ಹಾಗಲ ಬೆಳಿಗ್ಗೆಯೇ ಹಳದಿ ತೊಟ್ಟು ಜೇನುಹುಳುವಿಗೆ ಕಾಯುತ್ತವೆ. ಹೀರೆಯದೂ ಹಳದಿಯೇ, ಆದರೆ ಅದಕ್ಕೆ ಬಿಸಿಲು ಇಳಿಯಬೇಕು. ಮನೆಗೆ ಹೊರಟ ಕೊನೆಯ ದುಂಬಿಗಳನ್ನು ಅದು ಹಿಡಿದು ನಿಲ್ಲಿಸುತ್ತದೆ. ಪಕ್ಕದ ಮನೆಯ ಹೆಂಚಿನ ಮೇಲಿನ ಸೋರೆಗೆ ಹೊತ್ತು ಮುಳುಗಬೇಕು, ಅದರ ಹೂವು ಬಿಳಿ. ಯಾರೂ ಕೂತು ಪಾಲು ಮಾಡಿಕೊಟ್ಟದ್ದಲ್ಲ ಇದು. ಯಾವುದೋ ಕಾಲದಲ್ಲಿ ಯಾವುದೋ ಬಳ್ಳಿಯ ಹೂವು ಕೊಂಚ ತಡವಾಗಿ ಅರಳಿರಬೇಕು. ಆ ಹೊತ್ತಿನಲ್ಲಿ ಹಾರುವ ಪತಂಗ ಅದಕ್ಕೆ ಸಿಕ್ಕಿರಬೇಕು. ಕತ್ತಲಿಗೆ ಕಾಣುವ ಬಿಳಿ ಬಣ್ಣದವಕ್ಕೆ, ದೂರಕ್ಕೆ ಹೋಗುವ ಕಂಪಿನವಕ್ಕೆ ಹೆಚ್ಚು ಬೀಜ ಕಟ್ಟಿರಬೇಕು. ಹಾಗೆ ಕಟ್ಟುತ್ತ ಕಟ್ಟುತ್ತ ಅಕ್ಕತಂಗಿಯರು ಬೇರೆ ಬೇರೆಯಾದರು. ಬೇಲಿಯಲ್ಲಿ ಹಬ್ಬಿದ್ದ ಕಹಿ ಕಾಡುಪಡವಲ ಕೂಡ ಇದೇ ಬಳಗ. ಅದು ಕಲ್ಲು ಮುಳ್ಳಿನ ಬಾಳನ್ನೇ ಒಪ್ಪಿಕೊಂಡು ಉಳಿದಿತ್ತು. ಗುಂಡ್ಲುಪೇಟೆಯಿಂದ ಬಂಡೀಪುರದ ಕಡೆ ಹೋಗುವಾಗ ಎಲೆ ಉದುರಿಸಿ ಕೆಂಪಾಗುವ ಮುತ್ತುಗದ ಮರಗಳು ಆ ಕ್ಷಣ ನೆನಪಾದವು. ಹಾಗಾದರೆ ಆ ಕೆಂಪು ಬಣ್ಣ ಇರುವುದು ಹಕ್ಕಿಗಳಿಗೆ! ಎಷ್ಟು ಸಲ ನೋಡಿದ್ದೆ, ನನಗಾಗಿಯೇ ಎಂದುಕೊಂಡು. ಕೈಕಾಲು ನಿಲ್ಲದೆ ಹಿತ್ತಿಲಲ್ಲಿ ಸುತ್ತಾಡಿದೆ.

“ಪಡವಲದ ಊವು ಯಾವಾಗ ಅರಳದು ಚಿಕ್ಕಮ್ಮ?”

“ದನ ಮನೆಗ್ ಬಂದ್ ಮ್ಯಾಲೆ ಕಣಮ್ಮಿ. ನಾನ್ ಯಾವತ್ತೂ ನಿಂತು ನೋಡಿಲ್ಲ ಬುಡು. ಅಷ್ಟೊತ್ತಿಗೆ ಒಲೆ ಮುಂದ್ ಇರ್ತೀನಿ.”

ಅವತ್ತು ಮುದ್ದೆಗೆ ಎಸರಿಟ್ಟು ಬಂದು ಅವಳೂ ನಿಂತಳು. ಬೆಳಕು ಮಸುಕಾಗುತ್ತಿದ್ದಂತೆ ಒಂದು ಮೊಗ್ಗು ಬಿರಿಯಿತು. ಎಸಳಿನ ಅಂಚಿನಲ್ಲಿ ಸುತ್ತಿಕೊಂಡಿದ್ದ ಬಿಳಿ ನೂಲಿನ ಉಂಡೆಗಳು ನಮ್ಮ ಕಣ್ಣೆದುರೇ ಬಿಚ್ಚಿಕೊಂಡವು. ಒಂದು ಬಿಚ್ಚಿತು ಅನ್ನುವಷ್ಟರಲ್ಲಿ ಇನ್ನೊಂದು. ಚಿಕ್ಕಮ್ಮ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು. “ಅಯ್ಯೋ, ಕುಚ್ಚು ಕಟ್ಕೊಂಡವಲ್ಲಾ ಕಣೆ! ಎರಡ್ ವರ್ಸದಿಂದ ನನ್ನ ಬೆನ್ನಿಂದೆ ಇಂಗ್ ಮಾಡ್ತಿದ್ದವಾ ಇವು?” ಅಷ್ಟರಲ್ಲಿ ಗುಂಯ್ ಎಂದು ಒಂದು ದಪ್ಪ ಪತಂಗ ಬಂತು. ಹೂವಿನ ಮುಂದೆ ಗಾಳಿಯಲ್ಲೇ ನಿಂತು ಉದ್ದನೆಯ ನಾಲಿಗೆ ಚಾಚಿತು.

ಆಗ ಬಂತು ನೋಡಿ, ಹೊಗೆ! ಚಿಕ್ಕಮ್ಮನ ಮದುವೆಯ ವರ್ಷ ಚಪ್ಪರಕ್ಕೆ ಅಂಟಿಸಿ ಕಟ್ಟಿದ್ದ ಹೊಸ ಕೊಟ್ಟಿಗೆಯಿಂದ ಬೇವಿನ ಸೊಪ್ಪಿನ ದಟ್ಟ ಹೊಗೆ ಉರುಳಿಕೊಂಡು ಬಂದು ಹೂವು, ಬಳ್ಳಿ, ನಾವು ಎಲ್ಲವನ್ನೂ ಮುಚ್ಚಿಬಿಟ್ಟಿತು. ಪತಂಗ ಸರಕ್ಕನೆ ತಿರುಗಿ ಪಕ್ಕದ ಮನೆಯ ಸೋರೆಯ ಕಡೆ ಹೋಯಿತು. ಒಳಗೆ ಗೌರಜ್ಜಿ ಕೆಂಡದ ಬಾಣಲಿಗೆ ಇನ್ನಷ್ಟು ಹಸಿ ಸೊಪ್ಪು ಹಾಕುತ್ತ, ಹಸುಗಳನ್ನು ಮಾತಾಡಿಸುತ್ತಿದ್ದರು. ದಿನಾ ಸಂಜೆ ಅವರು ಮಾಡುವ ಕೆಲಸವದು.

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಚಿಕ್ಕಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕಳು. ನಗುನಗುತ್ತಲೇ ಅವಳ ಕಣ್ಣು ತುಂಬಿಬಂತು, ಅದು ಹೊಗೆಯಿಂದಲ್ಲ. “ನನ್ ಕೈದಲ್ಲ ಅಲ್ವಾ ತಪ್ಪು?” ಅಂದಳು. ಆಮೇಲೆ ತಟ್ಟನೆ, “ಅತ್ತೆಗ್ ಏಳ್ಬೇಡ ಕಣಮ್ಮಿ. ನೊಂದ್ಕತಾರೆ.”

ಹೇಳದೆ ಇರುವುದು ನನ್ನಿಂದ ಆಗುವ ಕೆಲಸವೇ? ಊಟಕ್ಕೆ ಕೂತಾಗ ಮೊದಲ ತುತ್ತು ಇಳಿಯುವ ಮುಂಚೆಯೇ ಕುಂಬಳ, ಸೋರೆ, ಜೇನು, ಪತಂಗ, ಹೊಗೆ ಎಲ್ಲ ಒಟ್ಟಿಗೆ ನನ್ನ ಬಾಯಿಂದ ಉದುರಿದವು. ಚಿಕ್ಕಮ್ಮ ತಲೆ ತಗ್ಗಿಸಿ ಕೂತಳು. ಗೌರಜ್ಜಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟರು.

“ಅಂಗಾರೆ ನನ್ ಹೊಗೆ ಅಂತೀಯಾ?”

ನಾನು ಹೂಂ ಎಂದೆ. ಅಷ್ಟು ಸಣ್ಣ ದನಿಯಲ್ಲಿ ನಾನು ಜೀವಮಾನದಲ್ಲೇ ಮಾತಾಡಿರಲಿಲ್ಲ.

“ನಾಳಿಂದ ಹಾಕಲ್ಲ. ನೋಡನ, ಯಾರ್ ಗೆಲ್ತಾರೆ” ಅಂದರು ಗೌರಜ್ಜಿ.

ಹಸುಗಳನ್ನು ಸೊಳ್ಳೆಗೆ ಒಪ್ಪಿಸುವವರೇ ಅವರು? ಮರುದಿನ ಸಂಜೆ ನೋಡಿದರೆ, ಕೊಟ್ಟಿಗೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತು ಬೇವಿನ ಕೊಂಬೆಯಿಂದ ಹಸುಗಳಿಗೆ ಗಾಳಿ ಬೀಸುತ್ತಿದ್ದಾರೆ! ಕಣ್ಣು ಮಾತ್ರ ಚಪ್ಪರದ ಮೇಲೆ. ಹೂವು ಬಿಚ್ಚಿಕೊಳ್ಳುವಾಗ ಕೊಂಬೆ ನಿಂತುಹೋಯಿತು. ಪತಂಗ ಬಂತು, ಹೂವಿಂದ ಹೂವಿಗೆ ಹಾರಿತು. “ಎಲಾ ಇದ್ರ!” ಅಂದರು ಅಜ್ಜಿ. ಅದಾದ ಮೇಲೆ ಪ್ರತಿ ಸಂಜೆ ನಮಗಿಂತ ಮುಂಚೆ ಅವರ ಮಣೆ ಅಲ್ಲಿರುತ್ತಿತ್ತು. ಹಸು ಬಾಲ ಬಡಿದರೆ, “ವಸಿ ತಡ್ಕೊ ತಾಯಿ, ನೆಂಟ ಬರೋ ಹೊತ್ತು” ಎಂದು ಸಮಾಧಾನ ಮಾಡುತ್ತಿದ್ದರು.

ನನ್ನ ರಜ ಮುಗಿಯುವ ಹೊತ್ತಿಗೆ ಹೀಚುಗಳು ಉದುರದೆ ನಿಂತವು. ಒಂದು ಬೆರಳುದ್ದ ಇಳಿದು ಸೊಟ್ಟಗಾಗತೊಡಗಿತು. ಪಡವಲ ನೆಟ್ಟಗೆ ಬೆಳೆಯಲು ತುದಿಗೆ ಸಣ್ಣ ಕಲ್ಲು ಕಟ್ಟುತ್ತಾರೆ, ನೀವೂ ನೋಡಿರುತ್ತೀರಿ. ಆ ಮನೆಯಲ್ಲಿ ಅದನ್ನು ಯಾವಾಗಲೂ ಕಟ್ಟುತ್ತಿದ್ದವರು ಗೌರಜ್ಜಿ. ನಾನು ಬಸ್ಸಿಗೆ ಹೊರಟ ಬೆಳಿಗ್ಗೆ ಅವರು ದಾರ ಸುತ್ತಿದ ಕಲ್ಲೊಂದನ್ನು ತಂದರು. ಚಪ್ಪರದ ಕೆಳಗೆ ಹೋಗಿ, ಕತ್ತೆತ್ತಿ ಕಾಯಿ ನೋಡಿ, ತಿರುಗಿ ಬಂದು ಕಲ್ಲನ್ನು ಚಿಕ್ಕಮ್ಮನ ಅಂಗೈಯಲ್ಲಿಟ್ಟರು.

“ತಗೊ, ನೀನೇ ಕಟ್ಟು. ಅರಿಸ್ನುದ್ ಗೆಡ್ಡೆಗೂ ಇದೇ ಕೈ.”

ಬಸ್ಸಿನಲ್ಲಿ ಗುಂಡ್ಲುಪೇಟೆಯವರೆಗೂ ನನಗೆ ಕೂರಲಾಗಲಿಲ್ಲ. ದಾರಿಯಲ್ಲಿ ಕಂಡ ಚೆಂಡುಹೂವಿಗೆ, ಸೂರ್ಯಕಾಂತಿಗೆ, ಬೇಲಿಯ ಹೆಸರಿಲ್ಲದ ಹೂವಿಗೆ ಎಲ್ಲ, ನೀನು ಯಾರಿಗೆ, ನೀನು ಯಾರಿಗೆ ಎಂದು ಕೇಳುತ್ತ ಹೋದೆ. ಇವತ್ತಿಗೂ ಆ ಚಾಳಿ ಬಿಟ್ಟಿಲ್ಲ.

ಗೌರಜ್ಜಿ ಈಗಿಲ್ಲ. ನನ್ನ ತಾರಸಿಯ ಡ್ರಮ್ಮಿನಲ್ಲಿ ಹಬ್ಬಿರುವ ಪಡವಲ, ಚಿಕ್ಕಮ್ಮ ಕೊಟ್ಟ ಬೀಜದ್ದು. ಇಷ್ಟು ದಿನ ಹೂ ಬಿಟ್ಟು ಹೀಚು ಉದುರಿಸುತ್ತಿತ್ತು. ಯಾಕೆಂದು ಹೊಳೆದದ್ದು, ಕೆಳಗಿನವರು ದಿನಾ ಹಾಕುವ ಹೊಗೆ ಆ ಸಂಜೆ ತಾರಸಿಯಲ್ಲಿ ನನ್ನ ಮುಖಕ್ಕೇ ಬಡಿದಾಗ. ಸಸ್ಯಶಾಸ್ತ್ರ ಓದಿದವಳ ಬುದ್ಧಿ ನೋಡಿ! ಕೆಳಗೆ ಹೋಗಿ ಪಾಠ ಮಾಡಬೇಕೆಂದು ಬಾಯಿ ತುರಿಸಿತು. ಮಾಡಲಿಲ್ಲ. ಬೇವಿನ ಕೊಂಬೆಯೊಂದನ್ನು ಮುರಿದುಕೊಂಡು ಹೋಗಿ, “ನಾಳೆ ಸಂಜೆ ಹೊಗೆ ಬೇಡ, ಸೊಳ್ಳೆ ನಾನು ಓಡಿಸ್ತೀನಿ. ಒಂದು ಹೂವು ಅರಳೋದು ತೋರಿಸ್ತೀನಿ, ಮೇಲೆ ಬನ್ನಿ” ಎಂದೆ. ಮದುವೆಯಾಗಿ ಕೆಳಗಿನ ಮನೆಗೆ ಹೊಸದಾಗಿ ಬಂದಿರುವ ಹುಡುಗಿ ಸಂಕೋಚದಿಂದಲೇ ಬಂದಳು. ಮಾರನೆಯ ದಿನ ಕರೆಯದೆಯೇ ಬಂದಳು.

ಇವತ್ತು ನೋಡಿದರೆ ಒಂದು ಹೀಚು ಉದುರದೆ ನಿಂತು ಬೆರಳುದ್ದ ಇಳಿದಿದೆ. ಕೈಯಲ್ಲಿ ದಾರ ಸುತ್ತಿದ ಕಲ್ಲು ಹಿಡಿದು ಮೆಟ್ಟಿಲಲ್ಲಿ ಅವಳ ಹೆಜ್ಜೆಯ ಸದ್ದಿಗೆ ಕಾಯುತ್ತಿದ್ದೆ. ಬಂದಳು.

“ಇದೇನಕ್ಕ, ಕಲ್ಲು?”

“ತಗೊ” ಎಂದೆ, “ನೀನೇ ಕಟ್ಟು.”