ಕೊಲಂಬೊಕ್ಕೆ ಹೊರಟ ಕಂಬಳಿಗೆ ಹಚ್ಚಿದ ರಾಗಿ ಗಂಜಿ

ನಿಮಗೆ ಯಾವತ್ತಾದರೂ ಹೀಗಾಗಿದೆಯೇ? ನೀವು ಮಾಡಿದ ಸರಕನ್ನು ಎದುರಿಗಿರುವವರು ಬಾಯ್ತುಂಬ ಹೊಗಳುತ್ತಿದ್ದಾರೆ, ನೀವು ಮಾತ್ರ ಅವರ ಮುಖ ನೋಡಲಾರದೆ ನೆಲ ನೋಡುತ್ತಿದ್ದೀರಿ. ಅದರೊಳಗೆ ಏನು ಬೆರೆಸಿದ್ದೀರಿ ಎಂಬುದು ನಿಮಗೊಬ್ಬರಿಗೇ ಗೊತ್ತು. ನನಗಾಗಿದೆ. ಮುಚ್ಚಿಡುವುದೇನಿದೆ, ಈಗ ವಯಸ್ಸೂ ಆಯಿತು, ಹೇಳಿಬಿಡುತ್ತೇನೆ.

ಆಗ ನಾನು ಚಳ್ಳಕೆರೆ ಹತ್ತಿರದ ನನ್ನಿವಾಳಕ್ಕೆ ಸೊಸೆಯಾಗಿ ಬಂದು ನಾಲ್ಕು ವರ್ಷ. ಪ್ಲೇಗು ಅಂದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದ ಕಾಲ. ನಮ್ಮದು ಕಂಬಳಿ ನೇಯುವ ಮನೆ. ಗಂಡ ಮಗ್ಗದಲ್ಲಿ ಕೂರುವವರು. ಉಣ್ಣೆ ನೂಲುವುದು, ಗಂಜಿ ಕಾಯಿಸುವುದು ಸರದಿಯಂತೆ ಅತ್ತೆಯದು ಮತ್ತು ನನ್ನದು. ಗಂಜಿ ಎಂದರೆ ಕುಡಿಯುವುದಲ್ಲ. ಹುಣಸೆಬೀಜ ಹುರಿದು, ಸಿಪ್ಪೆ ಕಳೆದು, ನೆನೆಹಾಕಿ, ರುಬ್ಬಿ, ಕುದಿಸಿ ಮಾಡುವ ಅಂಟು. ಬೀದಿಯುದ್ದಕ್ಕೂ ಎಳೆ ಹಾಸಿ, ಕುಂಚದಿಂದ ಈ ಗಂಜಿ ಬಳಿದರೆ ನೂಲು ತಂತಿಯಂತೆ ಬಿಗಿಯುತ್ತದೆ. ಹುಣಸೆ ಗಂಜಿಯ ಕಂಬಳಿಗೆ ಹುಳ ಮುಟ್ಟುವುದಿಲ್ಲ ಎಂದು ನಮ್ಮ ಕಡೆ ಎಲ್ಲರೂ ನಂಬಿದ್ದರು. ನಾನೂ ನಂಬಿದ್ದೆ, ಅದೇ ನನಗೆ ಮುಳುವಾಯಿತು.

ಮೊಳಕಾಲ್ಮೂರಿನ ಒಬ್ಬ ರೇಷ್ಮೆ ಸೀರೆ ಸಾಹುಕಾರರು ಒಂದು ಮಧ್ಯಾಹ್ನ ನಮ್ಮ ಜಗಲಿಗೆ ಬಂದು ಕೂತರು. ಕೊಲಂಬೊದಲ್ಲಿ ಅಂಗಡಿ ತೆರೆಯುತ್ತಾರಂತೆ.

"ಚೂಡವ್ವ," ಎಂದರು ಅತ್ತೆಗೆ, ನೋಡವ್ವ ಎನ್ನುವುದಕ್ಕೆ. ಅವರ ಮಾತಿನಲ್ಲಿ ಅರ್ಧ ತೆಲುಗು. "ರೇಷ್ಮೆ ಹಬ್ಬಕ್ಕೊಂದ್ಸಲ ತಗಂಬ್ತಾರೆ. ಬರೀ ರೇಷ್ಮೆ ಇಟ್ಕಂಡು ಕೂತ್ರೆ ಅಂಗ್ಡಿ ನಡಿಯಲ್ಲ. ಅಲ್ಲಿ ಟೀ ತೋಟದ ಗುಡ್ಡದ ಮ್ಯಾಲೆ ಏನು ಚಳಿ ಐತೆ ಗೊತ್ತಾ? ನೂರು ಕಂಬ್ಳಿ ಕೊಡು. ನಿನ್ ಮಗನ್ನೂ ಕಳಿಸು. ಕಂಬ್ಳಿ ಗೊತ್ತಿರೋನು ಒಬ್ಬ ಅಂಗ್ಡೀಲಿ ನಿಂತಿರ್ಬೇಕು."

ನನ್ನ ಗಂಡ ಆವತ್ತು ಉಣ್ಣಲೇ ಇಲ್ಲ, ಅಷ್ಟು ಖುಷಿ. ಚಳ್ಳಕೆರೆ ಸಂತೆಯಾಚೆ ಕಂಡವರಲ್ಲ, ಹಡಗಿನ ಕನಸು ಕಾಣತೊಡಗಿದರು. ಯಾವ ಬಣ್ಣದ ರುಮಾಲು ಸುತ್ತಿಕೊಂಡು ಅಂಗಡಿಯಲ್ಲಿ ನಿಲ್ಲಬೇಕು ಎಂದು ನನ್ನನ್ನೇ ಮೂರು ಸಲ ಕೇಳಿದರು.

ಆ ವರ್ಷ ಹುಣಸೆ ಮರಗಳು ಕಾಯಿ ಹಿಡಿಯಲಿಲ್ಲ. ಉಣ್ಣೆಗೆ ಕೊರತೆಯಿರಲಿಲ್ಲ, ಕುರಿ ಊರ ತುಂಬ. ಬೀಜಕ್ಕೆ ಮಾತ್ರ ಬರ. ಹಳೆಯ ಮಡಕೆಗಳ ತಳ ತಡಕಿದೆ, ನೆರೆಮನೆಗಳಲ್ಲಿ ಬೇಡಿದೆ, ಚಳ್ಳಕೆರೆ ಪೇಟೆಗೂ ಹೇಳಿ ಕಳಿಸಿದೆ. ಅರ್ಧ ಕೆಲಸವಾಗುವಷ್ಟರಲ್ಲಿ ಮುಗಿದೇಹೋಯಿತು. ಗಾಡಿ ಹೊರಡುವ ದಿನ ನಿಶ್ಚಯವಾಗಿತ್ತು. "ಬೀಜ ಐತಾ?" ಎಂದು ಅತ್ತೆ ಕೇಳಿದರೆ "ಐತ್ರಿ" ಎಂದೆ. ರಾಗಿ ಹಿಟ್ಟನ್ನು ಗಟ್ಟಿಯಾಗಿ ಕುದಿಸಿ, ಅದರಲ್ಲಿ ಒಂದು ಹಿಡಿ ಹುಣಸೆ ಗಂಜಿ ಕದಡಿ, ಎಳೆಗೆ ಬಳಿದೆ. ಒಣಗಿದ ಮೇಲೆ ಯಾವುದು ಯಾವುದೆಂದು ನನಗೇ ಗೊತ್ತಾಗುತ್ತಿರಲಿಲ್ಲ. ನನ್ನ ಲೆಕ್ಕದಲ್ಲಿ ನಲವತ್ತು ಕಂಬಳಿ.

ಸಾಹುಕಾರರು ಗಾಡಿ ತಂದು ಒಂದೊಂದೇ ಕಂಬಳಿಯನ್ನು ಮಡಚಿ ನೆಲದ ಮೇಲೆ ನಿಲ್ಲಿಸಿ ನೋಡಿದರು. ಒಳ್ಳೆಯ ಕಂಬಳಿ ಮನುಷ್ಯನಂತೆ ತಾನೇ ನಿಲ್ಲಬೇಕು. ನೂರೂ ನಿಂತವು. ನನ್ನ ಉಸಿರು ಹಗುರಾಗುವಷ್ಟರಲ್ಲಿ ಆ ಪುಣ್ಯಾತ್ಮ ಹೇಳಿದರು: "ಬಾಗುಂದಿ, ಚೆನ್ನಾಗೈತೆ! ಇನ್ನು ಗೋಣಿ ಯಾತಕ್ಕೆ? ರೇಷ್ಮೆ ಸೀರೆನೆಲ್ಲಾ ಇವುಗಳ ಒಳಗೇ ಸುತ್ತಿಬಿಡ್ತೀನಿ. ಹುಣಸೆ ಗಂಜಿ, ಹುಳ ಹತ್ರ ಸುಳಿಯಲ್ಲ."

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಗಂಡ ಗಾಡಿ ಹತ್ತಿ ಕೈ ಬೀಸಿದರು. ಮೊಳಕಾಲ್ಮೂರಿನಲ್ಲಿ ಐದು ದಿನ ನಿಂತು ಮೂಟೆ ಕಟ್ಟುವುದು, ಅಲ್ಲಿಂದ ರಾಯದುರ್ಗಕ್ಕೆ ಹೋಗಿ ರೈಲು ಹಿಡಿಯುವುದು ಎಂದು ಮಾತಾಗಿತ್ತು.

ನನ್ನ ಹತ್ತಿರ ರಾಗಿ ಗಂಜಿ ಹಚ್ಚಿದ ಕಂಬಳಿಯ ಒಂದು ತುಂಡು ಉಳಿದಿತ್ತು. ಹಡಗಿನಲ್ಲಿ ತೇವ ಇರುತ್ತದೆ ಎಂದು ಕೇಳಿದ್ದೆ. ಅದಕ್ಕೆ ಅವತ್ತೇ ಆ ತುಂಡಿಗೆ ನೀರು ಚಿಮುಕಿಸಿ ಮಡಕೆಯೊಳಗಿಟ್ಟು ಮುಚ್ಚಿದೆ. ಮರುದಿನ ಹುಳಿ ವಾಸನೆ. ಮೂರನೆಯ ದಿನ ಮುಚ್ಚಳ ತೆಗೆದರೆ ಬಿಳಿ ಬೂಷ್ಟು ಬೆಕ್ಕಿನ ಕೂದಲಿನಂತೆ ಎದ್ದಿತ್ತು, ಅದರ ನಡುವೆ ಏನೋ ಹರಿದಾಡುತ್ತಿತ್ತು. ಮಡಕೆ ಕೈಬಿಟ್ಟು ಒಡೆಯಿತು. ಒಬ್ಬ ಮನುಷ್ಯನ ಜೀವಮಾನದ ರೇಷ್ಮೆ, ಪರದೇಶದಲ್ಲಿ, ನನ್ನ ಗಂಡನ ಕೈಯಲ್ಲಿ ಹೀಗೆ ಬಿಚ್ಚಿಕೊಂಡರೆ? ಅಲ್ಲಿ ಅವರ ಪರವಾಗಿ ಮಾತಾಡುವವರು ಯಾರು?

ಒಡೆದ ಚೂರುಗಳ ಮುಂದೆಯೇ ಕೂತು ಅತ್ತೆಗೆ ಎಲ್ಲ ಹೇಳಿದೆ. ಬೈಗುಳಕ್ಕೆ, ಏಟಿಗೆ ಮೈ ಬಿಗಿಹಿಡಿದಿದ್ದೆ. ಅತ್ತೆ ಬೈಯಲಿಲ್ಲ. ಮುಖ ಮಾತ್ರ ಬಿಳಿಚಿತು.

"ಎಷ್ಟು?"

"ನಲವತ್ತು ಕಣ್ರಿ."

"ಎದ್ದೇಳು. ಹೋಗಾನ."

ಜೋಳದ ಗಾಡಿಯೊಂದು ಸಿಕ್ಕಿತು, ಅದು ಬೇರೆ ದಾರಿಗೆ ತಿರುಗಿದ ಮೇಲೆ ನಡಿಗೆ. ದಾರಿಯುದ್ದ ಅತ್ತೆ ಒಂದು ಮಾತಾಡಲಿಲ್ಲ. ಆ ಮೌನಕ್ಕಿಂತ ನಾಲ್ಕು ಬಾರಿಸಿದ್ದರೆ ವಾಸಿಯಿತ್ತು. ಮೊಳಕಾಲ್ಮೂರಿನ ಈಚೆಗಿರುವ ಬಂಡೆಗುಡ್ಡಗಳ ನಡುವೆ ನಮ್ಮ ಹೆಜ್ಜೆ ಸದ್ದೇ ಹಿಂದಿನಿಂದ ಯಾರೋ ಬಂದಂತೆ ಕೇಳುತ್ತಿತ್ತು. ಗಾಡಿ ಆಗಲೇ ಹೊರಟುಹೋಗಿದ್ದರೆ ಎಂಬ ಭಯ ಒಂದು ಕಡೆ, ಹೊರಟಿರದಿದ್ದರೆ ಹೇಳಬೇಕಲ್ಲ ಎಂಬ ಭಯ ಇನ್ನೊಂದು ಕಡೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಗಾಡಿ ಹೋಗಿಬಿಟ್ಟಿರಲಿ ಎಂದೂ ಒಂದು ಸಲ ಅಂದುಕೊಂಡೆ.

ಹೋಗಿರಲಿಲ್ಲ. ಐದನೆಯ ದಿನದ ಬೆಳಿಗ್ಗೆ ನಾವು ಹೋದಾಗ ಸಾಹುಕಾರರ ಪಡಸಾಲೆಯಲ್ಲಿ ಮೂಟೆಗಳು ಸಾಲಾಗಿ ನಿಂತಿದ್ದವು. ಗಂಡ ಹೊಸ ರುಮಾಲು ಸುತ್ತಿದ್ದರು, ಹಳದಿಯದು.

"ಏನ್ಲಾ, ಹಡಗು ಹತ್ತೋಕೆ ಮುಂಚೇನೆ ಹುಡುಕ್ಕಂಡು ಬಂದವ್ಳಲ್ಲ ನಿನ್ ಹೆಂಡ್ರು!" ಎಂದು ಯಾರೋ ನಕ್ಕರು.

ನಾನು ನಿಂತಲ್ಲೇ, ನೆಲ ನೋಡುತ್ತಾ, ಹೇಳಿಬಿಟ್ಟೆ. ನಗು ನಿಂತಿತು. ಸಾಹುಕಾರರು ಒಂದು ಚೊಂಬು ನೀರು ತರಿಸಿ ನನ್ನ ಮುಂದಿಟ್ಟರು.

"ಏಮ್ಮಾ, ನೀನೇ ಆರಿಸಿ ತೆಗಿ."

ಮೂಟೆಗಳನ್ನು ಬಿಚ್ಚಿ ರೇಷ್ಮೆಯನ್ನೆಲ್ಲ ಹೊರಗೆ ತೆಗೆದರು. ಗಂಡ ಒಂದೊಂದೇ ಕಂಬಳಿ ಹಾಸಿದರು. ನಾನು ಮೂಲೆ ಒದ್ದೆ ಮಾಡಿ, ಹೆಬ್ಬೆರಳಿನಿಂದ ಉಜ್ಜಿ, ಮೂಸುವುದು. ಹುಣಸೆಯಾದರೆ ಬೆರಳು ಜಾರುತ್ತದೆ. ರಾಗಿಯಾದರೆ ಮಡ್ಡಿ ಹತ್ತಿ ಅಂಬಲಿ ವಾಸನೆ ಬರುತ್ತದೆ. ಕೆಟ್ಟವು ಬಲಕ್ಕೆ. ಗಂಡ ನನ್ನ ಮುಖ ನೋಡಲಿಲ್ಲ. ಮೂವತ್ತಾಯಿತು. ನಲವತ್ತಾಯಿತು. ಇನ್ನು ಮುಗಿಯಿತು ಎಂದು ಮುಂದಿನ ಮೂಲೆ ಉಜ್ಜಿದರೆ ಮತ್ತೆ ಅಂಬಲಿ. ಅದರ ಮುಂದಿನದೂ ಅಂಬಲಿ. ನಲವತ್ತೈದು. ಐವತ್ತು.

"ನಲವತ್ತು ಅಂದ್ಯಲ್ಲಮ್ಮ!" ಸಾಹುಕಾರರ ದನಿ ಏರಿತು. "ಇನ್ನೂ ಏನೇನು ಮುಚ್ಚಿಟ್ಟಿದ್ದೀಯ? ಉಣ್ಣೆಯಾದ್ರೂ ಉಣ್ಣೆನೇನಾ?"

ನಾನು ಅತ್ತೆಯ ಕಡೆ ತಿರುಗಿದೆ. ಕಂಬಕ್ಕೆ ಒರಗಿ ಕೂತಿದ್ದ ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡು ಹೇಳಿದರು: "ಅವ್ಳಿಗ್ಯಾಕೆ ಬೈತೀರಿ. ಮಿಕ್ಕಿದ್ದು ನಂದು."

ನನಗಿಂತ ಮೊದಲೇ ಅವರಿಗೆ ಬೀಜ ಸಾಲದಾಗಿತ್ತಂತೆ. ತಮ್ಮ ಸರದಿಯ ದಿನಗಳಲ್ಲಿ ಅವರೂ ರಾಗಿ ಕುದಿಸಿದ್ದರು. "ಬೀಜ ಐತಾ" ಎಂದು ನನ್ನನ್ನು ಕೇಳಿದ್ದು, ಇಲ್ಲ ಎನ್ನಲಿ, ಆಗ ತಾನೂ ಹೇಳಬಹುದು ಎಂಬ ಆಸೆಯಿಂದ. ನಾನು ಐತೆ ಎಂದೆ. ಎರಡು ದಿನದ ದಾರಿಯಲ್ಲಿ ಅವರು ಸುಮ್ಮನಿದ್ದದ್ದು ಕೋಪಕ್ಕಲ್ಲ, ನನ್ನಷ್ಟೇ ಹೆದರಿದ್ದಕ್ಕೆ.

ಕೊನೆಗೆ ಐವತ್ತೆಂಟು ಬಲಕ್ಕೆ ಬಿದ್ದವು. ಸಾಹುಕಾರರು ಉಳಿದ ನಲವತ್ತೆರಡನ್ನು ಇಟ್ಟುಕೊಂಡರು. ರೇಷ್ಮೆಯನ್ನು ಹಳೆಯ ಪಂಚೆಗಳಲ್ಲಿ ಸುತ್ತಿ ಗೋಣಿಗೆ ತುಂಬಿಸಿದರು. ಒಂದು ಸೀರೆಗೂ ಏನೂ ಆಗಿರಲಿಲ್ಲ. ಆಮೇಲೆ ನನ್ನ ಗಂಡನ ಹೆಗಲ ಮೇಲೆ ಕೈಯಿಟ್ಟು, "ನೀನು ಬರೋದು ಬ್ಯಾಡಪ್ಪ," ಎಂದರು. ಬೈದಿದ್ದರೆ ಸಹಿಸಬಹುದಿತ್ತು. ಮೆಲ್ಲಗೆ ಹೇಳಿದರು.

ವಾಪಸು ಬರುವಾಗ ಗಾಡಿಯಲ್ಲಿ ಐವತ್ತೆಂಟು ಕಂಬಳಿ, ನಾವು ಮೂವರು. ಹಳದಿ ರುಮಾಲು ಗಂಡನ ತೊಡೆಯ ಮೇಲಿತ್ತು. ಮಧ್ಯಾಹ್ನ, ಬುತ್ತಿ ಮುಗಿದು ಅತ್ತೆ ಹಸಿವು ಎಂದಾಗ, ಗಂಡ ಹಿಂದಕ್ಕೆ ತಿರುಗದೆಯೇ ಹೇಳಿದರು:

"ಅದಕ್ಕೇನವ್ವ, ಒಂದು ಕಂಬ್ಳಿ ನೆನೆಸು. ಮೂರೂ ಜನ ಅಂಬ್ಲಿ ಕುಡಿಯಾನ."

ಅತ್ತೆ ನಕ್ಕರು, ನಗುತ್ತಲೇ ಅತ್ತರು. ನನಗೆ ಎರಡೂ ಬರಲಿಲ್ಲ.

ಮುಂದಿನ ವರ್ಷ ಹುಣಸೆ ಚೆನ್ನಾಗಿ ಕಾಯಿ ಹಿಡಿಯಿತು. ಸಾಹುಕಾರರ ಆಳು ಬಂದು ಇಪ್ಪತ್ತು ಕಂಬಳಿ ಕೇಳಿದ. ಜೊತೆಗೆ ಒಂದು ಮಾತು ಹೇಳಿಕಳಿಸಿದ್ದರು: ಮೂಲೆ ಒದ್ದೆ ಮಾಡಿ ಉಜ್ಜುವವಳು ಸೊಸೆಯೇ ಆಗಿರಬೇಕು. ಇಪ್ಪತ್ತಕ್ಕೂ ಅಪ್ಪಟ ಬೀಜದ ಗಂಜಿ. ರುಬ್ಬಿದ್ದು, ಕುದಿಸಿದ್ದು, ಬಳಿದದ್ದು ಎಲ್ಲ ನಾನೇ. ಆದರೂ ಒಂದೊಂದು ಮೂಲೆಯನ್ನೂ ಎರಡೆರಡು ಸಲ ಉಜ್ಜಿ ಮೂಸಿ ನೋಡಿದೆ.

ಸಾಮಾನು ಸಾಲದೆ ಹೋದಾಗ ನೀವು ಏನು ಬೆರೆಸಿದಿರಿ, ಯಾರಿಗೆ ಹೇಳದೆ ಎಷ್ಟು ದಿನ ಹೆದರಿಕೊಂಡು ಕೂತಿರಿ? ಒಬ್ಬಳೇ ಹೊತ್ತಿದ್ದೇನೆ ಎಂದುಕೊಂಡದ್ದನ್ನು ಪಕ್ಕದಲ್ಲಿ ಕೂತವರೂ ಹೊತ್ತಿದ್ದರೇ? ಬರೆದು ತಿಳಿಸಿ. ಹೆಸರು ಬೇಡ, ನಡೆದದ್ದು ಹೇಳಿದರೆ ಸಾಕು.