ಜಗದಾಂಬ ತೆಗೆದಿಟ್ಟ ಮುಚ್ಚಳ

ಶಿಕಾರಿಪುರದ ಕಾಲೇಜೊಂದರ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಜಗದಾಂಬ ಸಹಾಯಕಿಯಾಗಿ ಸೇರಿ ಹನ್ನೊಂದು ವರ್ಷವಾಗಿತ್ತು. ದಿನಾ ಆನವಟ್ಟಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಎಂ.ಎಸ್ಸಿ. ಮುಗಿಸಿದ್ದವಳಿಗೆ ಮದುವೆ, ಮಗಳು, ಅತ್ತೆಯ ಕಾಯಿಲೆ ಎಂದು ಮುಂದಿನ ಓದು ಅಲ್ಲಿಗೇ ನಿಂತಿತ್ತು. ಆದರೂ ಅಲ್ಲಿ ಅಯಾನಿಕ್ ದ್ರವ ಮಾಡಬೇಕೆಂದರೆ ಎಲ್ಲರೂ ಹುಡುಕುತ್ತಿದ್ದದ್ದು ಅವಳನ್ನೇ.

ಅಡುಗೆಯ ಉಪ್ಪು ಕರಗಿ ಹರಿಯಬೇಕಾದರೆ ಎಂಟುನೂರು ಡಿಗ್ರಿ ಕಾವು ಬೇಕು. ಅಯಾನಿಕ್ ದ್ರವವೂ ಒಂದು ಬಗೆಯ ಉಪ್ಪೇ, ಆದರೆ ಮೇಜಿನ ಮೇಲೆ ಇಟ್ಟಲ್ಲೇ ಎಣ್ಣೆಯ ಹಾಗೆ ಹರಿಯುತ್ತದೆ. ರಾಸಾಯನಿಕಗಳನ್ನು ಹದವಾದ ಕಾವಿನಲ್ಲಿ ದಿನಗಟ್ಟಲೆ ಕಲಕಿಸಿ, ತೊಳೆದು, ಕೊನೆಗೆ ನಿರ್ವಾತ ಪಂಪಿಗೆ ಹಚ್ಚಿ ತೇವವನ್ನೆಲ್ಲ ಎಳೆದು ತೆಗೆಯಬೇಕು. ಪ್ರೊಫೆಸರ್ ಮಹೇಶ್ವರಪ್ಪನವರು ಅದರಲ್ಲಿ ಕುರಿಯ ಒರಟು ಉಣ್ಣೆಯನ್ನು ಕರಗಿಸಿ ತೆಳು ಹಾಳೆ ಮಾಡಲು ಹೊರಟಿದ್ದರು.

ಆ ಕೆಲಸಕ್ಕೆ ಸಂಶೋಧನಾ ವಿದ್ಯಾರ್ಥಿನಿಯಾಗಿ ಬಂದವಳು ಸುಷ್ಮಿತಾ, ಈಸೂರಿನಲ್ಲಿ ಕುರಿ ಸಾಕುವ ಹುಚ್ಚರಾಯಪ್ಪನ ಮಗಳು. ಅವಳಿಗೆ ಎಲ್ಲವನ್ನೂ ಕಲಿಸಿದವಳು ಜಗದಾಂಬ. ನಾಲ್ಕೇ ತಿಂಗಳಲ್ಲಿ ಹುಡುಗಿ ಮಾಡಿದ ದ್ರವ ನೀರಿನಷ್ಟು ತಿಳಿಯಾಗಿ ಬಂತು. ಕಲಬೆರಕೆಯಿಲ್ಲದ ದ್ರವಕ್ಕೆ ಬಣ್ಣವಿರುವುದಿಲ್ಲ; ಜಗದಾಂಬಳದು ಹನ್ನೊಂದು ವರ್ಷವೂ ಹಳದಿಯೇ. ಮಹೇಶ್ವರಪ್ಪನವರು ಎರಡೂ ಬಾಟಲಿಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಜಗದಾಂಬ ಅವ್ರೆ, ಇನ್ಮೇಲೆ ಇವಳ್ನ ಕೇಳ್ಕೊಂಡು ಮಾಡ್ರಿ" ಅಂದರು.

ಸುಷ್ಮಿತಾ ಕಾವನ್ನು ಎಪ್ಪತ್ತು ಡಿಗ್ರಿ ದಾಟಗೊಡುತ್ತಿರಲಿಲ್ಲ. ಜಗದಾಂಬ ಮಾತ್ರ ಸಂಜೆಯ ಬಸ್ಸು ತಪ್ಪೀತೆಂದು ನೂರಕ್ಕೆ ಏರಿಸಿ ಬೇಗ ಮುಗಿಸುತ್ತಿದ್ದಳು. ಹಳದಿಗೆ ಅದೇ ಕಾರಣವೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಹೊಟ್ಟೆಯುರಿ ಇನ್ನೂ ಹೆಚ್ಚಾಯಿತು. ಇವಳ ಹಾಸ್ಟೆಲ್ ಕಾಲೇಜಿನ ಎದುರಿಗೇ ಇದೆ, ಅನ್ನಕ್ಕೆ ಕಾಯುವ ಮನೆಯಿಲ್ಲ, ಇವಳಿಗೇನು ಎಂದು ಮನಸ್ಸಿನಲ್ಲೇ ಕುದಿದಳು. ಮಧ್ಯಾಹ್ನ ಹುಡುಗಿ "ಅಕ್ಕಾ" ಎಂದು ರೊಟ್ಟಿಯ ಡಬ್ಬಿ ಚಾಚಿದರೆ ಉಪವಾಸವೆಂದು ಸುಳ್ಳು ಹೇಳಿದಳು.

ಜುಲೈನ ಒಂದು ಶನಿವಾರ, ಎಲ್ಲರೂ ಹೋದ ಮೇಲೆ, ಅವಳು ಸುಷ್ಮಿತಾಳ ಬಾಟಲಿಯ ಮುಚ್ಚಳ ತೆಗೆದು ಪಕ್ಕಕ್ಕಿಟ್ಟಳು. ಸೋಮವಾರ ಮೊದಲಿಗಳಾಗಿ ಬಂದು ಮತ್ತೆ ಮುಚ್ಚಿದಳು. ಗಾಳಿಯ ತೇವವನ್ನು ಆ ದ್ರವ ತಾನಾಗಿಯೇ ಹೀರಿಕೊಳ್ಳುತ್ತದೆ; ನೀರು ಸೇರಿತೆಂದರೆ ಉಣ್ಣೆ ಕರಗುವುದಿಲ್ಲ.

ಕರಗಲೂ ಇಲ್ಲ. ಸುಷ್ಮಿತಾ ಬಾಟಲಿಯನ್ನು ಅನುಮಾನಿಸಲೇ ಇಲ್ಲ. ಉಣ್ಣೆಯ ಜಿಡ್ಡು ಹೋಗಿಲ್ಲವೆಂದುಕೊಂಡು ಮೂರು ಸಲ ತೊಳೆದಳು, ಬೆರಳ ತುದಿ ಬಿಳುಚಿದವು. ನಾಲ್ಕು ದಿನ ಹೀಗೇ ಕಳೆಯಿತು. ಶುಕ್ರವಾರ ಹುಚ್ಚರಾಯಪ್ಪನೇ ಹೊಸ ಉಣ್ಣೆಯ ಚೀಲ ಹೊತ್ತು ಬಂದ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಮಗಳನ್ನು ಬಿಟ್ಟು ಜಗದಾಂಬಳ ಹತ್ತಿರ ಬಂದು ನಿಂತ.

"ನಮ್ಮ ಉಣ್ಣೇಲೇ ಏನೋ ಐಬು ಇರ್ಬೇಕು ರೀ. ನೀವು ತಿಳಿದೋರು, ನೋಡಿ ಹೇಳ್ರಿ. ಹುಡುಗಿ ಊಟ ಬಿಟ್ಟೈತಿ."

ಜಗದಾಂಬ ಚೀಲದಲ್ಲಿ ಕೈಯಾಡಿಸಿದಳು. ಮುದುಕ ಒಂದೊಂದು ಮುಳ್ಳನ್ನೂ ಆರಿಸಿ ತೆಗೆದಿದ್ದ.

"ಉಣ್ಣೆಗೆ ಏನೂ ಆಗಿಲ್ಲ ರೀ. ಬಾಟ್ಲಿ ಮುಚ್ಚಳ ತೆಗ್ದಿಟ್ಟೋಳು ನಾನು. ಬೇಕು ಅಂತಲೇ ತೆಗ್ದೆ" ಅಂದಳು.

ಹುಚ್ಚರಾಯಪ್ಪನಿಗೆ ಏನೆಂದು ತಿಳಿಯಲಿಲ್ಲ, ಮಗಳ ಮುಖ ನೋಡಿದ. ಸುಷ್ಮಿತಾ ಬಾಟಲಿಯನ್ನು ಒಯ್ದು ನಿರ್ವಾತ ಪಂಪಿಗೆ ಹಚ್ಚಿದಳು. ಜಗದಾಂಬ ತಾನೇ ಮಹೇಶ್ವರಪ್ಪನವರ ಕೋಣೆಗೆ ಹೋಗಿ ನಡೆದದ್ದನ್ನು ಹೇಳಿದಳು. ಅವರು ಅವಳನ್ನು ಮೊದಲ ವರ್ಷದ ಡಿಗ್ರಿ ಮಕ್ಕಳ ಪ್ರಯೋಗಗಳಿಗೆ ಹಾಕಿದರು.

ಎರಡು ದಿನಕ್ಕೆ ದ್ರವದ ತೇವವೆಲ್ಲ ಹೋಯಿತು, ಉಣ್ಣೆ ಕರಗಿತು. ಈರುಳ್ಳಿ ಸಿಪ್ಪೆಯಂಥ ಕಂದು ಹಾಳೆ ಎದ್ದುಬಂತೆಂದು ಜಗದಾಂಬ ಬೇರೆಯವರ ಬಾಯಲ್ಲಿ ಕೇಳಿದಳು. ಸಂತೋಷವಾಗಲಿಲ್ಲ; ಅದಕ್ಕೆ ತನ್ನ ಮೇಲೇ ಬೇಸರಪಟ್ಟುಕೊಂಡಳು.

ದಸರಾ ರಜೆ ಮುಗಿದ ಮೇಲೆ ಸುಷ್ಮಿತಾ ಜಗದಾಂಬಳ ಹೊಸ ಪ್ರಯೋಗಾಲಯದ ಬಾಗಿಲಿಗೆ ಬಂದಳು. ಹತ್ತು ಬಾಟಲಿ ದ್ರವ ಬೇಕಾಗಿತ್ತು. ಸರ್ ಒಪ್ಪಿದ್ದಾರೆ, ಒಬ್ಬಳಿಗೇ ಆಗುತ್ತಿಲ್ಲ, ಬರುತ್ತೀರಾ ಎಂದು ಕೇಳಿದಳು. ಈ ಸಲ ಅಕ್ಕ ಅನ್ನಲಿಲ್ಲ, ಮೇಡಂ ಅಂದಳು.

"ನನ್ನ ನಂಬ್ತೀಯಾ?"

"ಗೊತ್ತಿಲ್ಲ ಮೇಡಂ. ಬಾಟ್ಲಿ ಇಡೋ ಕಪಾಟಿನ ಬೀಗದ ಕೈ ನನ್ನತ್ರಾನೇ ಇರುತ್ತೆ."

ಜಗದಾಂಬ ಹೋದಳು. ಈಗ ಇಬ್ಬರೂ ಒಂದೇ ಮೇಜಿನಲ್ಲಿ ಕೆಲಸ ಮಾಡುತ್ತಾರೆ. ಸರ್ ಹುಡುಗಿಯನ್ನು ಹೊಗಳಿದಾಗ ಜಗದಾಂಬಳ ಮುಖ ಈಗಲೂ ಬಿಗಿಯುತ್ತದೆ. ಆಗ ಅವಳು ಎದ್ದು ನಲ್ಲಿಯ ಹತ್ತಿರ ಹೋಗಿ, ಒಂದಷ್ಟು ಗಾಜಿನ ಸಾಮಾನು ತೊಳೆದಿಟ್ಟು, ಮತ್ತೆ ಬಂದು ಕೂರುತ್ತಾಳೆ.