ಅಕ್ಕನ ಕೋಣೆಯ ಬಣ್ಣ

ಓಣಿಯವರೆಲ್ಲ ಅವನನ್ನು ಚೊಕ್ಕ ಪೇಂಟರ್ ಎಂದೇ ಕರೆಯುತ್ತಿದ್ದರು. ಸುಮ್ಮನೆ ಬಂದ ಹೆಸರಲ್ಲ. ಅವನು ಬಣ್ಣ ಹೊಡೆದ ಮನೆಯ ನೆಲದಲ್ಲಿ ಒಂದು ಹನಿ ಹುಡುಕಿ ತೋರಿಸಿ ನೋಡೋಣ! ಕೆಲಸ ಮುಗಿದ ಮೇಲೆ ಬಕೆಟ್ಟು, ಬ್ರಷ್ಷು ಎಲ್ಲವನ್ನೂ ರಸ್ತೆಗೆ ಒಯ್ದು, ಮಳೆನೀರು ಇಳಿಯುವ ಕಬ್ಬಿಣದ ಜಾಲರಿಯ ಮೇಲೆ ತೊಳೆದು, ಬಣ್ಣ ತೆಳುಮಾಡಲು ತಂದು ಉಳಿದ ತಿನ್ನರನ್ನೂ ಅಲ್ಲೇ ಸುರಿದು, ಕೊನೆಗೆ ಜಾಲರಿಯನ್ನೂ ಉಜ್ಜಿ ಬರುತ್ತಿದ್ದ. ಅದೆಲ್ಲ ಬಚ್ಚಲ ನೀರಿನ ಜೊತೆ ಸೇರಿ ಊರಾಚೆ ಎಲ್ಲೋ ಶುದ್ಧವಾಗುತ್ತದೆ ಎಂದು ನಂಬಿದ್ದ. ನೆಟ್ಟಗೆ ಹಳ್ಳಕ್ಕೇ ಬೀಳುತ್ತದೆ ಎಂದು ಯಾವ ಪುಣ್ಯಾತ್ಮ ಅವನಿಗೆ ಹೇಳಿದ್ದ?

ಅವನಿಗೆ ತನ್ನವಳೆಂದು ಇದ್ದದ್ದು ಒಬ್ಬಳೇ ಅಕ್ಕ. ತಾಯಿ ತೀರಿಕೊಂಡಾಗ ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ಭಾವ ತೀರಿಹೋದ ಮೇಲೆ ಅವಳನ್ನು ಮನೆಗೆ ಕರೆತಂದ. ಬಂದವಳು ಮಾತೇ ಆಡಲಿಲ್ಲ. ಕರೆದರೆ ಬರುತ್ತಾಳೆ, ಬಡಿಸಿದರೆ ಉಣ್ಣುತ್ತಾಳೆ, ಅಷ್ಟೇ.

ಅವಳಿಗೆ ಮಾತು ಮರಳಿಸಿದ್ದು ಮನೆಯ ಹಿಂದಿನ ಹಳ್ಳದ ಮೀನುಗಳು. ಒಂದು ದಿನ ಕಾಲುಸೇತುವೆಯ ಮೇಲೆ ನಿಂತು ಬ್ರೆಡ್ಡಿನ ಚೂರು ಎಸೆದಳು. ಬೆರಳುದ್ದದ ಮೀನುಗಳು ಮುಗಿಬಿದ್ದವು.

"ಬನ್ರೋ ಬನ್ರೋ, ತಳ್ಳಾಡಬೇಡಿ, ಎಲ್ರಿಗೂ ಇದೆ!" ಎಂದಳು.

ಹಿಂದೆ ನಿಂತಿದ್ದ ತಮ್ಮ ಕಣ್ಣೊರೆಸಿಕೊಂಡ. ಅಲ್ಲಿಂದ ಮುಂದೆ ಊಟಕ್ಕೆ ಕೂತರೂ ಮೀನಿನದೇ ಸುದ್ದಿ. "ಬಾಲ ಹರಿದವನೊಬ್ಬ ಇದ್ದಾನೆ ಕಣೋ, ಥೇಟ್ ನಿನ್ನ ಹಾಗೇ ಹೊಟ್ಟೆಬಾಕ" ಎಂದು ನಕ್ಕಳು.

ಅವಳು ನಕ್ಕ ಖುಷಿಗೆ ಅವಳ ಕೋಣೆಗೆ ಬಣ್ಣ ಹೊಡೆಯಲು ಹೊರಟ. ಚಿಕ್ಕಂದಿನ ಮನೆಯ ಬಾಗಿಲಿಗಿದ್ದ ಬಣ್ಣವೇ ಆಗಬೇಕು. ಹಸಿರೂ ಅಲ್ಲ, ನೀಲಿಯೂ ಅಲ್ಲ, ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ತಾನೇ ಬೆರೆಸಿದ. ಅಕ್ಕ ಪಕ್ಕದಲ್ಲಿ ಕೂತು "ಇನ್ನೂ ಚೂರು ನೀಲಿ ಹಾಕು, ಇನ್ನೂ ಚೂರು" ಎನ್ನುತ್ತಿದ್ದಳು. ಸರಿ ಬಂದಾಗ, "ಅದೇ ಕಣೋ, ಅಮ್ಮ ಒರಗಿ ನಿಲ್ತಿದ್ದ ಬಾಗಿಲು" ಎಂದಳು. ಸಂಜೆ ಎಂದಿನಂತೆ ರಸ್ತೆಯ ಜಾಲರಿಯ ಮೇಲೆ ಎಲ್ಲ ತೊಳೆದ. ಈವರೆಗೆ ತೊಳೆದದ್ದೆಲ್ಲ ಯಾರ್ಯಾರದೋ ಓಣಿಯಲ್ಲಿ. ತನ್ನ ಮನೆಯ ಮುಂದೆ ಇದೇ ಮೊದಲು.

ಬೆಳಿಗ್ಗೆ ಸೇತುವೆಯ ಮೇಲೆ ಜನ ಸೇರಿದ್ದರು. ಅಯ್ಯೋ, ಒಂದಾದರೂ ಉಳಿಯಬಾರದಿತ್ತೇ! ಅಷ್ಟೂ ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಸಣ್ಣಗೆ ಹರಿಯುವ ಆ ನೀರಿನ ಬಣ್ಣ ಅವನಿಗೆ ದೂರದಿಂದಲೇ ಗುರುತು ಸಿಕ್ಕಿತು. ಆ ಬಣ್ಣವನ್ನು ಬಲ್ಲವರು ಊರಲ್ಲಿ ಇಬ್ಬರೇ. ಇನ್ನೊಬ್ಬಳು ಬ್ರೆಡ್ಡು ಹಿಡಿದು ಅಲ್ಲೇ ನಿಂತಿದ್ದಳು.

"ಯಾವ ಪಾಪಿ ಸುರಿದನೋ, ಅವನ ಮನೆ ಹಾಳಾಗ!" ಎಂದಳು ಪಕ್ಕದ ಮನೆಯಾಕೆ.

ಅವನು ಬಾಯಿ ತೆರೆದ. ಅಕ್ಕ ತಟ್ಟನೆ ಅವನ ಮುಂಗೈ ಹಿಡಿದಳು.

"ಹಾಗೆಲ್ಲ ಶಾಪ ಹಾಕಬೇಡಮ್ಮ. ಯಾರೋ ಪಾಪ, ತಿಳೀದೆ ಸುರಿದಿರ್ತಾರೆ."

ಅಂದಿನಿಂದ ಅವಳು ಹಾಸಿಗೆಯನ್ನು ಹಾಲಿಗೆ ತಂದುಕೊಂಡಳು. ಆ ಕೋಣೆಯ ಬಾಗಿಲು ತೆಗೆಯಲಿಲ್ಲ. ತಡೆಯಲಾರದೆ ಅವನೇ ಕೇಳಿದ: "ಅಕ್ಕಾ, ಬಿಳಿ ಬಣ್ಣ ಹೊಡೆದುಬಿಡ್ತೀನಿ. ಆಗಲಾದರೂ ಒಳಗೆ ಮಲಗ್ತೀಯಾ?"

"ಬೇಡ ಕಣೋ," ಎಂದಳು. "ಮತ್ತೆ ಬ್ರಷ್ ತೊಳೀಬೇಕಲ್ಲ."

ಆಮೇಲೆ ಅವಳು ಮಾತಾಡಲಿಲ್ಲ. ಕರೆದರೆ ಬರುತ್ತಾಳೆ, ಬಡಿಸಿದರೆ ಉಣ್ಣುತ್ತಾಳೆ.